ನೀರೇ ಹಾಕದ ಕಳ್ಳಿ ಕೊಳೆತದ್ದು ಹೇಗೆ?

ಆಳೆತ್ತರದ ಕಂಬಗಳ್ಳಿ ಬೆಳಗಾಗುವುದರೊಳಗೆ ವಾಲಿಕೊಂಡಿತ್ತು. ಮೇಲೆಲ್ಲ ಹಸಿರಾಗಿ, ತುಂಬಿಕೊಂಡೇ ಇತ್ತು. “ತಿಂಗಳಿಂದ ನಾನು ಒಂದು ತೊಟ್ಟು ನೀರೂ ಹಾಕಿಲ್ಲ ಸರ್, ಇದಕ್ಕೇನಾಯ್ತು?” ಎಂದು ಮನೆಯ ಒಡತಿ ಕೇಳಿದರು. ಅವರ ಮಾತು ನಿಜ, ನೀರು ಹಾಕಿದ್ದು ಮಳೆ. ದಪ್ಪ ಕೈಗವಸು ಹಾಕಿಕೊಂಡು ಬುಡ ಹಿಡಿದು ಮೆಲ್ಲಗೆ ಎತ್ತಿದೆ. ಬೇರೇ ಇಲ್ಲದ ಹಾಗೆ ಕೈಗೆ ಬಂತು. ಬುಡ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಬೆರಳು ಒಳಹೋಗುವಷ್ಟು ಮೆತ್ತಗಾಗಿತ್ತು. ಗುಂಡಿಯೊಳಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಉಂಡೆ, ನರ್ಸರಿ ಕುಂಡದ ಆಕಾರದಲ್ಲೇ ಕೂತಿತ್ತು. ಹಿಂಡಿದರೆ ನೀರು ಸುರಿಯಿತು. ಸುತ್ತ ಜೇಡಿಮಣ್ಣು. ಮಡಿ ಪಕ್ಕದ ಹುಲ್ಲುಹಾಸಿಗಿಂತ ಎರಡು ಬೆರಳು ತಗ್ಗು.

ಅಂಗಳದ ಮಡಿಯಲ್ಲಿ ಸತ್ತ ಕಳ್ಳಿಗಳನ್ನು ಕಿತ್ತು ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಕಾಣುವುದು ಇದೇ ಚಿತ್ರ. ಕಳ್ಳಿಗೆ ನೀರು ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳೆಯುವ ಕಾಲದಲ್ಲಿ ಅದು ಆಸೆಯಿಂದ ನೀರು ಕುಡಿಯುತ್ತದೆ. ಆದರೆ ಕುಡಿದ ಮೇಲೆ ಅದರ ಬೇರಿಗೆ ಗಾಳಿ ಬೇಕು. ಉತ್ತರ ಅಮೆರಿಕದ ಸೊನೊರಾ ಮರುಭೂಮಿಯ ಸಗ್ವಾರೊ ಕಳ್ಳಿ 12 ಮೀಟರ್ ಎತ್ತರಕ್ಕೆ ಬೆಳೆದರೂ ಅದರ ಬಹುಪಾಲು ಬೇರುಗಳು ಮೇಲ್ಮಣ್ಣಿನ ಗೇಣುದ್ದದೊಳಗೇ ಇರುತ್ತವೆ. ಆಳಕ್ಕೆ ಇಳಿಯದೆ ಅಗಲಕ್ಕೆ, ಗಿಡದ ಎತ್ತರದಷ್ಟು ದೂರಕ್ಕೆ ಚಾಚಿಕೊಂಡಿರುತ್ತವೆ. ಮಳೆ ಬಿದ್ದ ಕೂಡಲೇ ಹೀರಿ, ಮತ್ತೆ ಒಣಗುವ ಮಣ್ಣಿನಲ್ಲಿರಬೇಕಾದ ಬೇರು ಅದು. ಅದನ್ನು ವಾರಗಟ್ಟಲೆ ಕೆಸರಲ್ಲಿಟ್ಟರೆ ಉಸಿರು ಕಟ್ಟಿ ಸಣ್ಣ ಬೇರುಗಳು ಸಾಯುತ್ತವೆ, ಸತ್ತ ಬೇರಿನ ದಾರಿಯಲ್ಲಿ ಕೊಳೆರೋಗ ಒಳಬರುತ್ತದೆ. ಕಾಂಡದಲ್ಲಿ ನೀರಿನ ದಾಸ್ತಾನು ಇರುವುದರಿಂದ ಮೇಲಿನಿಂದ ನೋಡುವವರಿಗೆ ಇದಾವುದೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗಿಡ ವಾಲಿರುತ್ತದೆ.

ಇನ್ನೊಂದು ವಿಷಯವಿದೆ. ಹೂವಿನ ಗಿಡವಾದರೆ ಹಗಲೆಲ್ಲ ನೀರು ಹೀರಿ ಎಲೆಯಿಂದ ಆವಿ ಮಾಡಿ, ಮಡಿಯನ್ನು ತಾನೇ ಒಣಗಿಸಿಕೊಳ್ಳುತ್ತದೆ. ಕಳ್ಳಿ, ಕತ್ತಾಳೆ ಮುಂತಾದವು ಹಗಲಲ್ಲಿ ಪತ್ರರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಇಂಗಾಲದ ಡೈಆಕ್ಸೈಡನ್ನು ರಾತ್ರಿಯೇ ಹಿಡಿದು ಆಮ್ಲದ ರೂಪದಲ್ಲಿಟ್ಟುಕೊಂಡು ಮರುದಿನದ ಬಿಸಿಲಲ್ಲಿ ಬಳಸುತ್ತವೆ. ನೀರು ಉಳಿಸುವ ಈ ಜಾಣತನದಿಂದಾಗಿ ಅವು ಮಣ್ಣನ್ನು ಒಣಗಿಸುವುದು ಬಹಳ ನಿಧಾನ. ಆ ಕೆಲಸ ನಾವು ಕಟ್ಟುವ ಮಡಿಯೇ ಮಾಡಬೇಕು.

ಹಾಗಾದರೆ ಮಡಿ ಹೇಗಿರಬೇಕು? ಎತ್ತರವಾಗಿರಬೇಕು. ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ಸಾಕು, ನೀರು ಬಸಿದುಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಸಣ್ಣ ಕಣಗಳ ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ. ತಾನು ಪೂರ್ತಿ ನೆನೆದು ತುಂಬುವ ತನಕ ಕೆಳಗಿನ ಜಲ್ಲಿಗೆ ಬಿಡುವುದಿಲ್ಲ. ಮನೆಯಲ್ಲೇ ಪರೀಕ್ಷಿಸಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಹಿಂಡದೆ ಹಾಗೇ ಉದ್ದಕ್ಕೆ ನಿಲ್ಲಿಸಿ. ಇನ್ನಷ್ಟು ನೀರು ಇಳಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಮಡಿಯ ಲೆಕ್ಕವೂ ಇಷ್ಟೇ. ನೆಲಮಟ್ಟಕ್ಕಿಂತ 30ರಿಂದ 45 ಸೆಂಟಿಮೀಟರ್ ದಿಬ್ಬ ಮಾಡಿದರೆ ಒದ್ದೆ ಪದರ ತಳದಲ್ಲೇ ಉಳಿದು ಬೇರು ಒಣ ಭಾಗದಲ್ಲಿರುತ್ತದೆ. ಮಳೆ ಜಾಸ್ತಿಯಿದ್ದರೆ ಇನ್ನೂ ಏರಿಸಿ.

ದಿಬ್ಬಕ್ಕೆ ಅರ್ಧಕ್ಕಿಂತ ಹೆಚ್ಚು ಒರಟು ಸಾಮಗ್ರಿ ಬೇಕು: 3ರಿಂದ 6 ಮಿಲಿಮೀಟರ್ ಜಲ್ಲಿ, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಅಥವಾ ಇಟ್ಟಿಗೆ ಚೂರು, ಯಾವುದಾದರೂ ಆದೀತು. ಉಳಿದದ್ದು ಸಡಿಲವಾದ ತೋಟದ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಒಂದು ಹಿಡಿ. ಗಾರೆಗೆ ಬಳಸುವ ನುಣ್ಣನೆಯ ಮರಳನ್ನು ಜೇಡಿಮಣ್ಣಿಗೆ ಬೆರೆಸಬೇಡಿ. ಒಣಗಿದ ಮೇಲೆ ಗುದ್ದಲಿಗೂ ಜಗ್ಗದಷ್ಟು ಗಟ್ಟಿಯಾಗುತ್ತದೆ. ಗೊಬ್ಬರ ಹೆಚ್ಚಾದರೆ ಗಿಡ ಬೇಗ ಉಬ್ಬುತ್ತದೆ, ಆದರೆ ಒಳಗಿನ ತಿರುಳು ಮೆತ್ತಗಾಗಿ ಕೊಳೆಗೂ ಹಿಟ್ಟುತಿಗಣೆಗೂ ಸುಲಭದ ತುತ್ತಾಗುತ್ತದೆ.

ನೆಡುವ ಮುಂಚೆ ನರ್ಸರಿಯ ಕೊಕೊಪೀಟನ್ನು ಬೇರಿನಿಂದ ಪೂರ್ತಿ ಬಿಡಿಸಿ. ಗಡಿಬಿಡಿಯಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ, ನಾನು ಅತಿ ಹೆಚ್ಚು ಒತ್ತಿ ಹೇಳುವುದೂ ಇದನ್ನೇ. ಒರಟು ಮಣ್ಣಿನ ನಡುವೆ ಆ ಉಂಡೆ ಒದ್ದೆ ಬಟ್ಟೆಯ ಹಾಗೆ ನೀರು ಹಿಡಿದು ಕೂತಿರುತ್ತದೆ. ತುಂಡಾದ ಬೇರು ಒಣಗಲು ಎರಡು ಮೂರು ದಿನ ಗಿಡವನ್ನು ನೆರಳಲ್ಲಿಡಿ. ಬುಡ ಸುತ್ತಲ ಮಣ್ಣಿಗಿಂತ ಒಂದು ಬೆರಳು ಮೇಲಿರುವಂತೆ ನೆಟ್ಟು, ಕತ್ತಿನ ಸುತ್ತ ಬರಿ ಜಲ್ಲಿ ಹರಡಿ. ಕತ್ತಾಳೆಯಂಥ ಎಲೆಸುತ್ತಿನ ಗಿಡಗಳನ್ನು ಇಳಿಜಾರಿನಲ್ಲಿ ತುಸು ಓರೆಯಾಗಿ ನೆಟ್ಟರೆ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಮೊದಲ ನೀರು ಒಂದು ವಾರದ ಮೇಲೆ.

ಬಿಸಿಲಿನ ವಿಷಯದಲ್ಲೂ ಅವಸರ ಬೇಡ. ಶೇಡ್‌ನೆಟ್ ಕೆಳಗೆ ಬೆಳೆದ ಗಿಡ ಒಮ್ಮೆಲೇ ಬಯಲಿಗೆ ಬಂದರೆ ಸುಡುತ್ತದೆ. ಮೊದಲು ಬಿಳಿಚಿ, ಆಮೇಲೆ ಬಿರಡೆಯಂತೆ ಗಟ್ಟಿಯಾಗುವ ಆ ಕಲೆ ಮತ್ತೆ ಹಸಿರಾಗುವುದಿಲ್ಲ. ಎರಡು ಮೂರು ವಾರ ಮಧ್ಯಾಹ್ನದ ಹೊತ್ತು ಮರೆ ಕೊಡಿ. ಹಾವೋರ್ಥಿಯಾ, ಗ್ಯಾಸ್ಟೀರಿಯಾದಂಥ ಪುಟ್ಟ ರಸಭರಿತ ಗಿಡಗಳಿಗೆ ಯಾವಾಗಲೂ ಅರೆನೆರಳೇ ಹಿತ. ಕಲ್ಲಿನಂತೆ ಕಾಣುವ ಲಿಥಾಪ್ಸ್ ಅನ್ನು ಮಳೆಗೆ ಒಡ್ಡಿದ ಮಡಿಗೆ ನಾನು ಇಳಿಸುವುದೇ ಇಲ್ಲ. ಅಮೆರಿಕನ್ ಕತ್ತಾಳೆ ಎರಡು ಮೂರು ಮೀಟರ್ ಅಗಲಕ್ಕೆ ಹರಡುತ್ತದೆ, ಎಲೆಯ ತುದಿ ಸೂಜಿ. ಅದನ್ನು ಓಡಾಡುವ ದಾರಿಯಿಂದ ದೂರವಿಡಿ. ಗಾಯವಾದರೆ ಹಾಲು ಸುರಿಸುವ ಕಳ್ಳಿಗಳು ಹೆಚ್ಚಾಗಿ ಯೂಫೋರ್ಬಿಯಾ ಜಾತಿಯವು. ಆ ಹಾಲು ಕಣ್ಣಿಗೆ ಬಹಳ ಅಪಾಯ. ಕತ್ತರಿಸುವಾಗ ಕೈಗೆ, ಕಣ್ಣಿಗೆ ರಕ್ಷಣೆ ಇರಲಿ.

ವಾಲಿದ್ದ ಕಂಬಗಳ್ಳಿಯನ್ನು ಎಸೆಯಲು ನಾನು ಬಿಡಲಿಲ್ಲ. ಕೊಳೆತದ್ದಕ್ಕಿಂತ ಗೇಣು ಮೇಲೆ ಚಾಕುವಿನಿಂದ ಅಡ್ಡ ಕತ್ತರಿಸಿದೆ. ತಿರುಳಿನ ನಡುವಿನ ಉಂಗುರದಲ್ಲಿ ಇನ್ನೂ ಕಂದು ಚುಕ್ಕೆಗಳಿದ್ದವು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ನಾಲ್ಕು ಬೆರಳು ಮೇಲೆ ಕತ್ತರಿಸಿದೆ, ಇನ್ನೂ ಎರಡು ಚುಕ್ಕೆ. ಮೂರನೆಯ ಸಲ ಉಂಗುರ ಸ್ವಚ್ಛವಾಗಿ, ತಿಳಿಹಸಿರಾಗಿ ಕಾಣಿಸಿತು. ಆ ತುಂಡನ್ನು ನೆರಳಲ್ಲಿ ಒರಗಿಸಿ ಮೂರು ವಾರ ಬಿಟ್ಟೆವು. ಕತ್ತರಿಸಿದ ಮುಖ ಒಣಗಿ ಚರ್ಮ ಕಟ್ಟಿಕೊಂಡಿತು. ಅಷ್ಟರಲ್ಲಿ ಒಡತಿ ಮಡಿಯನ್ನು ಮೊಣಕಾಲೆತ್ತರ ಏರಿಸಿದ್ದರು. ತುಂಡನ್ನು ಜಲ್ಲಿಯ ಮೇಲೆ ಕೂರಿಸಿ, ಮೂರು ಕೋಲುಗಳಿಗೆ ಸಡಿಲವಾಗಿ ಕಟ್ಟಿದೆವು. ಎರಡು ತಿಂಗಳ ಬಳಿಕ ಅವರು ಫೋಟೋ ಕಳಿಸಿದರು: ನೆತ್ತಿಯ ನಡುವೆ ಎಳೆಯ ಮುಳ್ಳುಗಳ ಹೊಸ ಗೊಂಚಲು ಮೂಡಿತ್ತು.