ಓದಿನ ಪಟ್ಟಿಗೆ ಗ್ರಂಥಾಲಯದ ಸಂಪನ್ಮೂಲ ಸೇರಿಸುವಾಗ: ಒಂದು ಅಧ್ಯಯನ ಟಿಪ್ಪಣಿ

ಓದಿನ ಪಟ್ಟಿಯಲ್ಲಿರುವ ಲಿಂಕ್ ತೆರೆಯದಿದ್ದರೆ ಹೆಚ್ಚಿನ ವಿದ್ಯಾರ್ಥಿಗಳು ಯಾರಿಗೂ ದೂರು ಹೇಳುವುದಿಲ್ಲ, ಆ ಓದನ್ನೇ ಕೈಬಿಟ್ಟು ಮುಂದಿನ ಪಾಠಕ್ಕೆ ಹೋಗುತ್ತಾರೆ. ಇನ್ನು ಕೆಲವರು ಪರದೆಯ ಮೇಲೆ ‘ಈ ಲೇಖನವನ್ನು ಖರೀದಿಸಿ’ ಎಂಬ ಗುಂಡಿ ಕಂಡು, ತಮ್ಮದೇ ಸಂಸ್ಥೆಯ ಗ್ರಂಥಾಲಯ ಆಗಲೇ ಚಂದಾ ಕಟ್ಟಿರುವ ಲೇಖನಕ್ಕೆ ತಾವೂ ಹಣ ತೆರಬೇಕೆಂದು ತಿಳಿಯುತ್ತಾರೆ. ಎರಡೂ ಅನ್ಯಾಯವೇ. ಗ್ರಂಥಾಲಯ ವಿಜ್ಞಾನ ಓದುವ ನಮಗೆ ಈ ವಿಷಯ ಪಠ್ಯಕ್ರಮದ ಯಾವುದೋ ಮೂಲೆಯಲ್ಲಿ ಬಂದು ಹೋಗುತ್ತದೆ. ಆದರೆ ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಗೆ ಗ್ರಂಥಾಲಯವೆಂದರೆ ಬಹುಮಟ್ಟಿಗೆ ಆ ಪಟ್ಟಿಯೇ. ಹಾಗಾಗಿ ಇಲ್ಲಿ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ: ಕ್ಯಾಂಪಸ್ಸಿನ ಹೊರಗಿರುವ ವಿದ್ಯಾರ್ಥಿ ಒತ್ತಿದಾಗ, ಪರೀಕ್ಷೆಯ ಹಿಂದಿನ ವಾರದಲ್ಲೂ, ಆ ಓದು ತೆರೆಯಬೇಕು.

ವಿಳಾಸವನ್ನು ಎಲ್ಲಿಂದ ತೆಗೆದುಕೊಳ್ಳಬೇಕು?

ಡೇಟಾಬೇಸಿನಲ್ಲಿ ಹುಡುಕಿ, ಲೇಖನ ತೆರೆದು, ಬ್ರೌಸರಿನ ಮೇಲ್ಭಾಗದ ವಿಳಾಸವನ್ನು ನಕಲು ಮಾಡಿ ಅಂಟಿಸುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಬಹಳಷ್ಟು ಲಿಂಕ್‌ಗಳು ಕೆಡುವುದೂ ಇಲ್ಲಿಯೇ. ಅಂಥ ಒಂದು ವಿಳಾಸವನ್ನು ಎಡದಿಂದ ಬಲಕ್ಕೆ ಓದಿ ನೋಡಿ. ಮೊದಲು ಡೇಟಾಬೇಸಿನ ಹೆಸರು, ನಂತರ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರಾಚೆಗೆ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ನೀವು ಹುಡುಕಿದ ಪದಗಳು, ಫಲಿತಾಂಶಗಳಲ್ಲಿ ಆ ಲೇಖನ ಎಷ್ಟನೆಯದು ಎಂಬ ಸಂಖ್ಯೆ, ನಿಮ್ಮ ಆ ಹೊತ್ತಿನ ಲಾಗಿನ್‌ಗೆ ಸರ್ವರ್ ಕೊಟ್ಟ ತಾತ್ಕಾಲಿಕ ಗುರುತು, ಇವೆಲ್ಲ ಅದರೊಳಗೆ ಇರಬಹುದು. ಸ್ವಲ್ಪ ಹೊತ್ತು ಬಳಸದೆ ಬಿಟ್ಟರೆ ಅಥವಾ ಲಾಗ್‌ಔಟ್ ಆದರೆ ಆ ಗುರುತಿನ ಅವಧಿ ಮುಗಿಯುತ್ತದೆ, ಅದನ್ನು ನಂಬಿದ ಲಿಂಕ್ ಕೂಡ ಕೆಲಸ ನಿಲ್ಲಿಸುತ್ತದೆ. ನಕಲು ಮಾಡಿದ ದಿನ ಚೆನ್ನಾಗಿಯೇ ತೆರೆಯುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆಂದೇ ಡೇಟಾಬೇಸುಗಳು ಲೇಖನದ ಪುಟದಲ್ಲಿ ಪರ್ಮಾಲಿಂಕ್ ಎಂಬ ಸ್ಥಿರ ವಿಳಾಸವನ್ನು ಕೊಡುತ್ತವೆ. ಕೆಲವೊಮ್ಮೆ ಅದು ಹಂಚಿಕೆಯ ಗುಂಡಿಯ ಒಳಗೆ ಇರುತ್ತದೆ, ಕೆಲವೊಮ್ಮೆ ಉಲ್ಲೇಖದ ಗುಂಡಿಯ ಒಳಗೆ. ಹುಡುಕಿ ತೆಗೆಯುವ ಶ್ರಮ ಪಡಲೇಬೇಕು.

ಲೇಖನಕ್ಕೆ ಡಿಒಐ, ಅಂದರೆ ಬದಲಾಗದ ಡಿಜಿಟಲ್ ಗುರುತು, ಇದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಡಿಒಐ 10 ಮತ್ತು ಒಂದು ಚುಕ್ಕಿಯಿಂದ ಆರಂಭವಾಗುತ್ತದೆ. ಚುಕ್ಕಿಯ ನಂತರದ ಅಂಕಿಗಳು ಅದನ್ನು ನೋಂದಾಯಿಸಿದ ಸಂಸ್ಥೆಯನ್ನು ಸೂಚಿಸುತ್ತವೆ, ಓರೆಗೆರೆಯ ನಂತರದ ಭಾಗ ಆ ಸಂಸ್ಥೆ ಲೇಖನಕ್ಕೆ ಇಟ್ಟ ಗುರುತು. ಜರ್ನಲ್ ಬೇರೆ ಪ್ರಕಾಶಕರಿಗೆ ಕೈಬದಲಾದರೂ ಡಿಒಐ ಬದಲಾಗುವುದಿಲ್ಲ. ಅದು ಕರೆದೊಯ್ಯುವ ಪುಟದ ವಿಳಾಸವನ್ನು ಮಾತ್ರ ಹೊಸ ಪ್ರಕಾಶಕರು ನೋಂದಣಿಯಲ್ಲಿ ತಿದ್ದುತ್ತಾರೆ. ವಿದ್ವತ್ ಲೇಖನಗಳ ಡಿಒಐ ನೋಂದಣಿಯಲ್ಲಿ ದೊಡ್ಡ ಹೆಸರಾದ ಕ್ರಾಸ್‌ರೆಫ್ ಅನ್ನು ಪ್ರಕಾಶಕರೇ ಸೇರಿ 2000ರಲ್ಲಿ ಕಟ್ಟಿದ್ದು, ಒಬ್ಬರ ಲೇಖನದ ಉಲ್ಲೇಖ ಪಟ್ಟಿಯಿಂದ ಇನ್ನೊಬ್ಬರ ಲೇಖನಕ್ಕೆ ಲಿಂಕ್ ಕೆಡದೆ ಉಳಿಯಲಿ ಎಂದೇ. ನಮ್ಮ ಓದಿನ ಪಟ್ಟಿಯ ಅಗತ್ಯವೂ ಅದೇ.

ಮನೆಯಿಂದ ಏಕೆ ತೆರೆಯುವುದಿಲ್ಲ?

ಈ ಭಾಗವನ್ನು ನಿಧಾನವಾಗಿ ಓದಿ. ಸ್ಥಿರ ವಿಳಾಸ ಹಾಕಿಯೂ ಲಿಂಕ್ ಸೋಲುವುದು ಹೆಚ್ಚಾಗಿ ಈ ಕಾರಣದಿಂದ.

ಚಂದಾ ಕಟ್ಟಿದ ಸಂಸ್ಥೆಯನ್ನು ಪ್ರಕಾಶಕರು ಗುರುತಿಸುವ ಹಳೆಯ ಮತ್ತು ಇಂದಿಗೂ ಬಳಕೆಯಲ್ಲಿರುವ ವಿಧಾನ ಐಪಿ ವಿಳಾಸ, ಅಂದರೆ ಕೋರಿಕೆ ಯಾವ ಜಾಲದಿಂದ ಬಂತೆಂದು ಹೇಳುವ ಸಂಖ್ಯೆ. ಕ್ಯಾಂಪಸ್ಸಿನ ಜಾಲದೊಳಗಿಂದ ಬಂದ ಕೋರಿಕೆಗೆ ಲೇಖನ ತೆರೆಯುತ್ತದೆ, ಹೊರಗಿಂದ ಬಂದದ್ದಕ್ಕೆ ಖರೀದಿಯ ಪುಟ ಸಿಗುತ್ತದೆ. ಮನೆಯಲ್ಲಿರುವ ವಿದ್ಯಾರ್ಥಿಯ ಕೋರಿಕೆ ಒಳಗಿನಿಂದಲೇ ಬಂದಂತೆ ಕಾಣಬೇಕಾದರೆ ನಡುವೆ ಪ್ರಾಕ್ಸಿ ಸರ್ವರ್ ಬೇಕು. ಅದು ಮೊದಲು ವಿದ್ಯಾರ್ಥಿಯ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಅವರ ಪರವಾಗಿ ಲೇಖನ ತರುತ್ತದೆ. ಗ್ರಂಥಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಈಝಿಪ್ರಾಕ್ಸಿ ಎಂಬ ತಂತ್ರಾಂಶ 1999ರಲ್ಲಿ ಬಂದದ್ದು. 2008ರಲ್ಲಿ ಅದನ್ನು ಒಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಕೊಂಡುಕೊಂಡಿತು.

ಪಟ್ಟಿ ಮಾಡುವವರು ಇಲ್ಲಿ ಮಾಡಬೇಕಾದದ್ದು ಇಷ್ಟೇ: ಲೇಖನದ ಸ್ಥಿರ ವಿಳಾಸದ ಮುಂದೆ ತಮ್ಮ ಗ್ರಂಥಾಲಯದ ಪ್ರಾಕ್ಸಿ ಪೂರ್ವಪದವನ್ನು ಸೇರಿಸುವುದು. ಆಗ ವಿಳಾಸಕ್ಕೆ ಎರಡು ಭಾಗಗಳು ಬರುತ್ತವೆ. ಎಡಗಡೆ ಪ್ರಾಕ್ಸಿ ಸರ್ವರಿನ ಲಾಗಿನ್ ಪುಟ, ಸಮ ಚಿಹ್ನೆಯ ಬಲಗಡೆ ಲೇಖನದ ನಿಜವಾದ ವಿಳಾಸ. ಕೇಳಲು ಸುಲಭವಾದರೂ ಎಡವುವ ಜಾಗಗಳಿವೆ. ಕೆಲವು ಡೇಟಾಬೇಸುಗಳ ಪರ್ಮಾಲಿಂಕ್‌ನಲ್ಲಿ ಪೂರ್ವಪದ ಮೊದಲೇ ಸೇರಿರುತ್ತದೆ. ಅದನ್ನು ಗಮನಿಸದೆ ಇನ್ನೊಮ್ಮೆ ಸೇರಿಸಿದರೆ ಪ್ರಾಕ್ಸಿಯು ಪ್ರಾಕ್ಸಿಯನ್ನೇ ಹುಡುಕಿಕೊಂಡು ಹೋಗಿ ದೋಷದ ಪುಟ ಬರುತ್ತದೆ. ಎಲ್ಲರಿಗೂ ಮುಕ್ತವಾಗಿರುವ ಲೇಖನಕ್ಕೂ ಪೂರ್ವಪದ ಹಚ್ಚಿದರೆ ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗೆ: ವಿದ್ಯಾರ್ಥಿ ಸುಮ್ಮನೆ ಲಾಗಿನ್ ಆಗಬೇಕಾಗುತ್ತದೆ, ಆ ಜಾಲತಾಣ ಪ್ರಾಕ್ಸಿಯ ಅನುಮತಿ ಪಟ್ಟಿಯಲ್ಲಿ ಇಲ್ಲದಿದ್ದರೆ ಲೇಖನ ತೆರೆಯುವುದೂ ಇಲ್ಲ. ಡಿಒಐ ವಿಳಾಸಕ್ಕೆ ಪೂರ್ವಪದ ಸೇರಿಸುವುದಾದರೆ ಡಿಒಐ ತಾಣವೂ ಆ ಅನುಮತಿ ಪಟ್ಟಿಯಲ್ಲಿ ಇರಬೇಕು. ಇದನ್ನು ಗ್ರಂಥಪಾಲಕರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಶಿಕ್ಷಕರು ತಮ್ಮ ವಿಭಾಗದ ಕಂಪ್ಯೂಟರಿನಲ್ಲಿ ಕುಳಿತು ಪಟ್ಟಿ ಮಾಡಿ, ಅಲ್ಲಿಯೇ ಒತ್ತಿ ನೋಡಿ, ‘ಸರಿಯಾಗಿದೆ’ ಎನ್ನುತ್ತಾರೆ. ಕ್ಯಾಂಪಸ್ಸಿನ ಒಳಗೆ ಪ್ರಾಕ್ಸಿ ಇಲ್ಲದ ಲಿಂಕ್ ಕೂಡ ತೆರೆಯುವುದರಿಂದ ಆ ಪರೀಕ್ಷೆಗೆ ಬೆಲೆಯಿಲ್ಲ. ಮೊಬೈಲ್ ಡೇಟಾ ಬಳಸಿ, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಸಾಧ್ಯವಾದರೆ ವಿದ್ಯಾರ್ಥಿಯ ಖಾತೆಯಿಂದ ಒತ್ತಿ ನೋಡುವುದೇ ನಿಜವಾದ ಪರೀಕ್ಷೆ. ಖಾಸಗಿ ಕಿಟಕಿ ಏಕೆಂದರೆ ಅದರಲ್ಲಿ ನಿಮ್ಮ ಹಳೆಯ ಲಾಗಿನ್‌ನ ನೆನಪು ಇರುವುದಿಲ್ಲ.

ಒಂದೇ ಲೇಖನ, ಹಲವು ಪ್ರತಿಗಳು

ಡಿಒಐ ಸಾಮಾನ್ಯವಾಗಿ ಪ್ರಕಾಶಕರ ತಾಣಕ್ಕೆ ಕರೆದೊಯ್ಯುತ್ತದೆ. ನಿಮ್ಮ ಗ್ರಂಥಾಲಯ ಅದೇ ಜರ್ನಲನ್ನು ಪ್ರಕಾಶಕರಿಂದ ಕೊಳ್ಳದೆ, ನೂರಾರು ಜರ್ನಲ್‌ಗಳನ್ನು ಒಟ್ಟಿಗೆ ಕೊಡುವ ಬೇರೊಂದು ಡೇಟಾಬೇಸಿನ ಮೂಲಕ ಪಡೆದಿರಬಹುದು. ಆಗ ಡಿಒಐ ಸರಿಯಾಗಿದ್ದರೂ ಪ್ರಾಕ್ಸಿ ಸರಿಯಾಗಿದ್ದರೂ ಲೇಖನಕ್ಕೆ ಬೆಲೆ ಕೇಳುವ ಪುಟವೇ ಬರುತ್ತದೆ. ಈ ತೊಡಕನ್ನು ಬಿಡಿಸಲು ಹೊರಟ ಕೆಲಸ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವಾನ್ ಡಿ ಸೊಂಪೆಲ್ ಮತ್ತು ಅವರ ಸಂಗಡಿಗರಿಂದ 1990ರ ದಶಕದ ಕೊನೆಯಲ್ಲಿ ನಡೆಯಿತು. ಅದರಿಂದ ಬಂದ ಓಪನ್‌ಯುಆರ್‌ಎಲ್ ಎಂಬ ಲಿಂಕ್ ವಿಧಾನ ಮುಂದೆ ಅಮೆರಿಕದಲ್ಲಿ ಮಾಹಿತಿ ಮಾನದಂಡಗಳನ್ನು ರೂಪಿಸುವ ನೈಸೊ ಸಂಸ್ಥೆಯ ಝಡ್39.88 ಎಂಬ ಮಾನದಂಡವಾಯಿತು.

ಅದರ ಒಳಗಿನ ವಿಚಾರ ಸೊಗಸಾಗಿದೆ. ಲಿಂಕ್ ಒಂದು ನಿರ್ದಿಷ್ಟ ಪುಟವನ್ನು ತೋರಿಸುವುದಿಲ್ಲ. ಜರ್ನಲಿನ ಗುರುತು ಸಂಖ್ಯೆಯಾದ ಐಎಸ್‌ಎಸ್‌ಎನ್, ಸಂಪುಟ, ಸಂಚಿಕೆ, ಆರಂಭದ ಪುಟ, ವರ್ಷ, ಇಂಥ ವಿವರಗಳನ್ನು ಹೊತ್ತು ನಿಮ್ಮ ಗ್ರಂಥಾಲಯದ ಲಿಂಕ್ ರಿಸಾಲ್ವರ್ ಬಳಿಗೆ ಹೋಗುತ್ತದೆ. ಈ ವರ್ಷದ ಈ ಸಂಚಿಕೆ ನಮಗೆ ಎಲ್ಲಿ ಸಿಗುತ್ತದೆ ಎಂದು ಅದು ಗ್ರಂಥಾಲಯದ ದಾಖಲೆ ನೋಡಿ ದಾರಿ ತೋರಿಸುತ್ತದೆ. ಗ್ರಂಥಾಲಯ ಮುಂದಿನ ವರ್ಷ ಬೇರೆ ಡೇಟಾಬೇಸಿಗೆ ಚಂದಾ ಬದಲಿಸಿದರೂ ಓದಿನ ಪಟ್ಟಿಯ ಲಿಂಕನ್ನು ಮುಟ್ಟಬೇಕಾಗಿಲ್ಲ. ನನ್ನ ಮಟ್ಟಿಗೆ ಜರ್ನಲ್ ಲೇಖನಗಳಿಗೆ ಇದೇ ಮೊದಲ ಆಯ್ಕೆ. ಆದರೆ ದಾಖಲೆಯಲ್ಲಿ ಸಂಪುಟ, ವರ್ಷ ತಪ್ಪಿದ್ದರೆ ರಿಸಾಲ್ವರ್ ದಾರಿ ತಪ್ಪುತ್ತದೆ. ಕೆಲವು ಡೇಟಾಬೇಸುಗಳು ಹೊಸ ಸಂಚಿಕೆಗಳನ್ನು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಡೆಹಿಡಿಯುತ್ತವೆ. ಇತ್ತೀಚಿನ ಲೇಖನ ಸೇರಿಸುವಾಗ ಇದನ್ನು ನೋಡಲೇಬೇಕು.

ಇ-ಪುಸ್ತಕದ ಮುಂದೆ ಸಾಲು ನಿಲ್ಲುವ ಪ್ರಸಂಗ

ಇ-ಪುಸ್ತಕಕ್ಕೆ ಲಿಂಕ್ ಇದ್ದಮೇಲೆ ಇಡೀ ತರಗತಿ ಒಟ್ಟಿಗೆ ಓದಬಹುದೆಂದು ಭಾವಿಸುವುದು ಸಹಜ. ಪರವಾನಗಿ ಹಾಗೆ ಇರಲೇಬೇಕೆಂದಿಲ್ಲ. ಒಂದು ಸಲಕ್ಕೆ ಒಬ್ಬರೇ, ಒಂದು ಸಲಕ್ಕೆ ಮೂವರು, ಎಷ್ಟು ಮಂದಿಯಾದರೂ, ಹೀಗೆ ಪ್ರಕಾಶಕರು ಬೇರೆ ಬೇರೆ ಬೆಲೆಗೆ ಮಾರುತ್ತಾರೆ. ಅರವತ್ತು ವಿದ್ಯಾರ್ಥಿಗಳ ತರಗತಿಗೆ ಒಬ್ಬರ ಪರವಾನಗಿಯ ಪುಸ್ತಕವನ್ನು ಕಡ್ಡಾಯ ಓದಾಗಿ ಹಾಕಿದರೆ, ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ ಐವತ್ತೊಂಬತ್ತು ಮಂದಿಗೆ ‘ಪುಸ್ತಕ ಬಳಕೆಯಲ್ಲಿದೆ’ ಎಂಬ ಸಂದೇಶ ಸಿಗುತ್ತದೆ. ಈ ವಿವರ ಕ್ಯಾಟಲಾಗಿನ ದಾಖಲೆಯಲ್ಲಿ ಅಥವಾ ಇ-ಪುಸ್ತಕದ ಪುಟದಲ್ಲಿ ಇರುತ್ತದೆ. ಎಷ್ಟು ಪುಟ ಡೌನ್‌ಲೋಡ್ ಮಾಡಬಹುದು ಎಂಬ ಮಿತಿಯೂ ಅಲ್ಲಿಯೇ ಸಿಗುತ್ತದೆ. ಪರವಾನಗಿ ಸಾಲದಿದ್ದರೆ ಅವಧಿ ಶುರುವಾಗುವ ಮೊದಲೇ ಗ್ರಂಥಾಲಯಕ್ಕೆ ಪಟ್ಟಿಯನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಕಳುಹಿಸಿ. ಖರೀದಿಗೆ ಸಮಯ ಹಿಡಿಯುತ್ತದೆ.

ಪುಸ್ತಕವನ್ನು ಅದರ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಹಾಕಿ ಹುಡುಕುವಾಗ ಒಂದು ಎಚ್ಚರ: ಮುದ್ರಿತ ಪ್ರತಿಗೆ ಒಂದು ಸಂಖ್ಯೆ, ಇ-ಪುಸ್ತಕಕ್ಕೆ ಮತ್ತೊಂದು, ಹೊಸ ಆವೃತ್ತಿಗೆ ಬೇರೆಯೇ. ಮುದ್ರಿತ ಪ್ರತಿಯ ಸಂಖ್ಯೆ ಹಾಕಿ ‘ಗ್ರಂಥಾಲಯದಲ್ಲಿ ಇಲ್ಲ’ ಎಂದು ತೀರ್ಮಾನಿಸಬೇಡಿ, ಶೀರ್ಷಿಕೆಯಿಂದಲೂ ಹುಡುಕಿ. 2007ಕ್ಕೆ ಮೊದಲಿನ ಪುಸ್ತಕಗಳ ಮೇಲೆ ಹತ್ತು ಅಂಕಿಗಳ ಸಂಖ್ಯೆ ಇರುತ್ತದೆ, ಈಗಿನದು ಹದಿಮೂರು ಅಂಕಿಗಳದು.

ಪಿಡಿಎಫ್ ಅಪ್‌ಲೋಡ್ ಮಾಡಿಬಿಡೋಣ ಎನ್ನಿಸಿದಾಗ

ಇಷ್ಟೆಲ್ಲ ತಾಪತ್ರಯ ಏಕೆ, ಪಿಡಿಎಫ್ ಇಳಿಸಿಕೊಂಡು ಕೋರ್ಸಿನ ಪುಟಕ್ಕೆ ಏರಿಸಿದರಾಯಿತು ಎಂಬ ಮಾತು ಬಂದೇ ಬರುತ್ತದೆ. ಗ್ರಂಥಾಲಯ ಚಂದಾ ಕಟ್ಟಿದೆ ಎಂದ ಮಾತ್ರಕ್ಕೆ ಪ್ರತಿ ಮಾಡಿ ಹಂಚುವ ಹಕ್ಕು ಬರುವುದಿಲ್ಲ. ಒಪ್ಪಂದದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನೋಡಬೇಕು. ಲಿಂಕ್ ಕೊಟ್ಟರೆ ಪ್ರತಿ ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಹಂಚಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಲೇಖನವಾದರೆ, ಲೇಖಕರ ಹೆಸರು ಮತ್ತು ಪರವಾನಗಿಯನ್ನು ನಮೂದಿಸಿ ಪ್ರತಿಯನ್ನು ಇಡಬಹುದು.

ಹಕ್ಕುಸ್ವಾಮ್ಯದಾಚೆಗೂ ಕಾರಣಗಳಿವೆ, ನನಗೆ ಅವೇ ಹೆಚ್ಚು ಮುಖ್ಯವೆನಿಸುತ್ತವೆ. ಲೇಖನದಲ್ಲಿ ದೋಷ ಕಂಡು ಪ್ರಕಾಶಕರು ತಿದ್ದುಪಡಿ ಹೊರಡಿಸಿದರೆ, ಅಥವಾ ಲೇಖನವನ್ನೇ ಹಿಂತೆಗೆದುಕೊಂಡರೆ, ಆ ಸೂಚನೆ ಅವರ ಪುಟದಲ್ಲಿ ಕಾಣುತ್ತದೆ. ನೀವು ಏರಿಸಿದ ಹಳೆಯ ಪಿಡಿಎಫ್‌ಗೆ ಅದು ತಲುಪುವುದಿಲ್ಲ, ವಿದ್ಯಾರ್ಥಿಗಳು ವರ್ಷಗಟ್ಟಲೆ ತಪ್ಪನ್ನೇ ಓದುತ್ತಾರೆ. ಇನ್ನೊಂದು, ಬಳಕೆಯ ಲೆಕ್ಕ. ಕೌಂಟರ್ ಎಂಬ ಮಾನದಂಡದ ಪ್ರಕಾರ ಪ್ರಕಾಶಕರು ಗ್ರಂಥಾಲಯಗಳಿಗೆ ಬಳಕೆಯ ವರದಿ ಕೊಡುತ್ತಾರೆ. ಚಂದಾ ನವೀಕರಿಸಬೇಕೇ ಬಿಡಬೇಕೇ ಎಂಬ ಚರ್ಚೆಯಲ್ಲಿ ಆ ಅಂಕಿಗಳಿಗೆ ದೊಡ್ಡ ತೂಕ. ಅರವತ್ತು ಮಂದಿ ಓದಿದ್ದು ಒಂದೇ ಡೌನ್‌ಲೋಡ್ ಆಗಿ ದಾಖಲಾದರೆ, ತರಗತಿಗೆ ಬೇಕಾದ ಜರ್ನಲೇ ಮುಂದಿನ ವರ್ಷ ಕೈತಪ್ಪಬಹುದು.

ಸ್ಕ್ಯಾನ್ ಮಾಡಿದ ಪುಟಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಪುಟದ ಚಿತ್ರ ಮಾತ್ರ ಇರುವ ಪಿಡಿಎಫ್ ಮೇಲೆ ಬೆರಳಿಟ್ಟು ಒಂದು ಪದವನ್ನು ಆಯ್ಕೆ ಮಾಡಲು ಪ್ರಯತ್ನಿಸಿ. ಆಯ್ಕೆಯಾಗದಿದ್ದರೆ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿ ವಿಕಲಚೇತನ ವಿದ್ಯಾರ್ಥಿಗೆ ಅದು ಖಾಲಿ ಹಾಳೆ. ಅಂಥದ್ದನ್ನು ಹಾಕಲೇಬೇಕಾದರೆ ಮೊದಲು ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ಕೆಲಸ, ಮಾಡಿಸಿ, ಗುರುತಿಸಿದ ಅಕ್ಷರಗಳನ್ನು ಮೂಲದೊಂದಿಗೆ ತಾಳೆ ನೋಡಿ. ಪ್ರಕಾಶಕರ ತಾಣದಲ್ಲಿ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ರೂಪ ಇದ್ದರೆ ಅದಕ್ಕೇ ಲಿಂಕ್ ಕೊಡಿ, ಮೊಬೈಲಿನಲ್ಲಿ ಓದುವವರಿಗೂ ಅದೇ ಹಿತ.

ಪಟ್ಟಿಯ ಬರಹ

ಮೂಡಲ್‌ನಂಥ ಕಲಿಕಾ ವ್ಯವಸ್ಥೆಗೆ ಗ್ರಂಥಾಲಯದ ಓದಿನ ಪಟ್ಟಿ ತಂತ್ರಾಂಶವನ್ನು ಎಲ್‌ಟಿಐ ಎಂಬ ಜೋಡಣೆಯ ಮಾನದಂಡದ ಮೂಲಕ ಸೇರಿಸಿದ್ದರೆ ವಿದ್ಯಾರ್ಥಿ ಆ ಪಟ್ಟಿಗೆ ಮತ್ತೆ ಲಾಗಿನ್ ಆಗಬೇಕಾಗಿಲ್ಲ, ಲಿಂಕ್‌ಗಳನ್ನೂ ಗ್ರಂಥಾಲಯವೇ ನೋಡಿಕೊಳ್ಳುತ್ತದೆ. ಆ ಸೌಲಭ್ಯ ಇದ್ದರೆ ಕೈಯಿಂದ ಲಿಂಕ್ ಅಂಟಿಸಬೇಡಿ. ಇಲ್ಲದಿದ್ದರೂ ನಮೂದಿನ ಬರಹ ನಮ್ಮ ಕೈಯಲ್ಲೇ ಇದೆ. ‘ಇಲ್ಲಿ ಒತ್ತಿ’ ಎಂದಷ್ಟೇ ಬರೆದರೆ ಲಿಂಕ್ ಕೆಟ್ಟ ದಿನ ಅದು ಯಾವ ಲೇಖನವೆಂದು ಹುಡುಕುವುದಕ್ಕೂ ಗತಿಯಿಲ್ಲ. ಲೇಖಕರು, ವರ್ಷ, ಶೀರ್ಷಿಕೆ, ಜರ್ನಲ್ ಇವು ಪೂರ್ತಿಯಾಗಿ ಇರಲಿ. ಅದರ ಕೆಳಗೆ ಒಂದು ಚಿಕ್ಕ ಸೂಚನೆ, ಹೀಗೆ:

‘ವಾರ 4, ಕಡ್ಡಾಯ ಓದು. ಅಧ್ಯಾಯ 3, ಪುಟ 41ರಿಂದ 58. ಲೇಖಕರು ಮಾದರಿಯನ್ನು ಆಯ್ದುಕೊಂಡ ರೀತಿಯನ್ನು ಗಮನಿಸಿ, ಪುಟ 52ರ ವಾದದಿಂದ ನಮ್ಮ ಚರ್ಚೆ ಶುರುವಾಗುತ್ತದೆ. ಕೊನೆಯ ಅನುಬಂಧ ಬೇಕಿಲ್ಲ. ಒಂದು ಸಲಕ್ಕೆ ಮೂವರಿಗೆ ಮಾತ್ರ ತೆರೆಯುತ್ತದೆ, ಓದಿ ಮುಗಿದ ಕೂಡಲೇ ಮುಚ್ಚಿ.’

ಇಂಥ ಸೂಚನೆ ಇಲ್ಲದ ನಲವತ್ತು ನಮೂದುಗಳ ಪಟ್ಟಿಗಿಂತ ಇಂಥ ಹನ್ನೆರಡು ನಮೂದುಗಳು ವಿದ್ಯಾರ್ಥಿಗೆ ಹೆಚ್ಚು ನೆರವಾಗುತ್ತವೆ ಎಂದು ನಾನು ದೃಢವಾಗಿ ನಂಬುತ್ತೇನೆ. ಕಡ್ಡಾಯ, ಪೂರಕ ಎಂಬ ಗುರುತು ಗ್ರಂಥಾಲಯಕ್ಕೂ ಬೇಕು. ಯಾವ ಪುಸ್ತಕಕ್ಕೆ ದೊಡ್ಡ ಪರವಾನಗಿ ಕೊಳ್ಳಬೇಕೆಂದು ಅವರು ತೀರ್ಮಾನಿಸುವುದು ಅದನ್ನು ನೋಡಿಯೇ.

ಕೋರ್ಸನ್ನು ಮುಂದಿನ ಅವಧಿಗೆ ನಕಲು ಮಾಡಿದಾಗ ಹಳೆಯ ಲಿಂಕ್‌ಗಳೂ ಅದರ ಜೊತೆಗೆ ಬರುತ್ತವೆ. ಆಗ ಮತ್ತೊಮ್ಮೆ ಹೊರಗಿನ ಜಾಲದಿಂದ ಪ್ರತಿಯೊಂದನ್ನೂ ಒತ್ತಿ ನೋಡಿ, ಪಟ್ಟಿಯಿಂದ ಕೈಬಿಟ್ಟ ನಮೂದುಗಳನ್ನು ಗ್ರಂಥಾಲಯಕ್ಕೆ ತಿಳಿಸಿ. ಪಟ್ಟಿಯ ಮೇಲ್ತುದಿಯಲ್ಲಿ, ಕಣ್ಣಿಗೆ ಬೀಳುವಂತೆ, ಲಿಂಕ್ ತೆರೆಯದಿದ್ದರೆ ಯಾರಿಗೆ ಬರೆಯಬೇಕೆಂಬ ಇಮೇಲ್ ವಿಳಾಸವನ್ನು ಹಾಕಿ. ಅದು ವ್ಯಕ್ತಿಯ ವಿಳಾಸವಾಗಿರುವುದಕ್ಕಿಂತ ಗ್ರಂಥಾಲಯದ ಸಹಾಯ ವಿಭಾಗದ್ದಾಗಿದ್ದರೆ ರಜೆಯ ದಿನಗಳಲ್ಲೂ ಯಾರಾದರೂ ನೋಡುತ್ತಾರೆ.