ಸಂಜೆಯಾದರೆ ಇಂಗ್ಲಿಷಿನವರು ‘ಡಾರ್ಕನ್’ ಎನ್ನುವುದಿಲ್ಲವೇ?

ಪ್ರಶ್ನೆ: ‘ಕತ್ತಲಾಗುತ್ತಿದೆ, ಹೊರಡುತ್ತೇನೆ’ ಎನ್ನುವುದಕ್ಕೆ ಕಚೇರಿಯಲ್ಲಿ ‘ಇಟ್ ಈಸ್ ಡಾರ್ಕನಿಂಗ್’ ಎಂದೆ. ಕೇಳಿದವರು ನಕ್ಕರು. ನಿಘಂಟಿನಲ್ಲಿ ‘ಡಾರ್ಕನ್’ ಎಂದರೆ ಕತ್ತಲಾಗು ಎಂದೇ ಇದೆಯಲ್ಲ, ತಪ್ಪು ಎಲ್ಲಿ?

ನಕ್ಕವರನ್ನು ಕ್ಷಮಿಸಿಬಿಡಿ. ನಿಮ್ಮ ವ್ಯಾಕರಣ ಸರಿಯಾಗಿಯೇ ಇದೆ. ಬಸ್ ನಿಲ್ದಾಣದಲ್ಲಿ ನಿಂತವನೊಬ್ಬ ‘ಇರುಳು ಕವಿಯುತಿಹುದು, ನಾನಿನ್ನು ತೆರಳುವೆ’ ಎಂದರೆ ನಾವು ಅವನ ಮುಖವನ್ನು ಹೇಗೆ ನೋಡುತ್ತೇವೋ ಹಾಗೆ ಅವರು ನಿಮ್ಮನ್ನು ನೋಡಿದ್ದಾರೆ, ಅಷ್ಟೆ. ಹೊತ್ತು ಮುಳುಗುವುದನ್ನು ಹೇಳಲು ಆಡುಮಾತಿನ ಇಂಗ್ಲಿಷ್ ‘ಗೆಟ್’ ಎಂಬ ಪುಟ್ಟ ಪದದ ಮೊರೆ ಹೋಗುತ್ತದೆ: ‘ಇಟ್ಸ್ ಗೆಟಿಂಗ್ ಡಾರ್ಕ್’. ‘ಕತ್ತಲಾಗುವ ಮುಂಚೆ ಮನೆ ಸೇರು’ ಎನ್ನುವಲ್ಲಿ ಅವರಿಗೆ ಕ್ರಿಯಾಪದವೇ ಬೇಡ, ‘ಬಿಫೋರ್ ಡಾರ್ಕ್’ ಎಂದರೆ ಸಾಕು.

ಹಾಗಾದರೆ ಡಾರ್ಕನ್‌ಗೆ ಕೆಲಸ ಎಲ್ಲಿ? ನಮಗೆ ಕತ್ತಲು ಬೇರೆ, ಕಡು ಬೇರೆ. ‘ಡಾರ್ಕ್ ಬ್ಲೂ’ ಎಂಬುದನ್ನು ಯಾರೂ ಕತ್ತಲೆ ನೀಲಿ ಎನ್ನುವುದಿಲ್ಲ, ಕಡುನೀಲಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಡಾರ್ಕ್. ಅದರಿಂದ ಹುಟ್ಟಿದ ಕ್ರಿಯಾಪದ ದಿನಬಳಕೆಯಲ್ಲಿ ವಾಲುವುದು ಹೆಚ್ಚಾಗಿ ಕಡುವಿನ ಕಡೆಗೆ. ಬಿಸಿಲಿಗೆ ಬಂದೊಡನೆ ಕಪ್ಪೇರುವ ಕನ್ನಡಕದ ಗಾಜು ಡಾರ್ಕನ್ ಆಗುತ್ತದೆ. ಎಣ್ಣೆ ಕುಡಿದ ಮರದ ಬಾಗಿಲು, ನೀರು ಬಿದ್ದ ಹತ್ತಿ ಬಟ್ಟೆ ಕೂಡ. ಮೊಬೈಲಿನಲ್ಲಿ ಫೋಟೋದ ಹಿನ್ನೆಲೆಯನ್ನು ನಾವೇ ಡಾರ್ಕನ್ ಮಾಡಬಹುದು. ನಾವು ‘ಕಪ್ಪಾಗು’, ‘ಕಪ್ಪಾಗಿಸು’ ಎಂದು ಎರಡು ರೂಪ ಇಟ್ಟುಕೊಂಡ ಕಡೆ ಅವರದು ಒಂದರಲ್ಲೇ ಸಂಸಾರ. ಆಕಾಶಕ್ಕೂ ಈ ಪದ ಸಲ್ಲುತ್ತದೆ, ಆದರೆ ‘ಸ್ಕೈ’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ. ಅದೂ ಮೋಡ ಕವಿದೋ ಸಂಜೆಯಾಗಿಯೋ ಮಬ್ಬಾದ ಹೊತ್ತಿಗೆ, ಮಾತಿಗಿಂತ ಹೆಚ್ಚಾಗಿ ಬರಹದಲ್ಲಿ.

ಇನ್ನು ನಾವು ಕಪ್ಪಾಯಿತು ಎನ್ನುವುದಕ್ಕೆಲ್ಲ ಇದನ್ನೇ ಅಂಟಿಸಲಾಗದು. ದೇವರ ಮನೆಯ ಬೆಳ್ಳಿ ದೀಪ ಕಪ್ಪಾದರೆ ಅದು ‘ಟಾರ್ನಿಶ್’. ಬಿಸಿಲಲ್ಲಿ ಓಡಾಡಿ ಮೈ ಕಪ್ಪಾದರೆ ‘ಟ್ಯಾನ್’. ರಜೆಗೆ ಊರಿಗೆ ಹೋದಾಗ ಅತ್ತೆ ‘ಏನೇ, ಇಷ್ಟು ಕಪ್ಪಾಗಿದ್ದೀಯ!’ ಎಂದು ಮರುಗುತ್ತಾರಲ್ಲ, ಬ್ರಿಟನ್ನಿನಲ್ಲಿ ಅದೇ ಟ್ಯಾನ್ ಸಮುದ್ರ ತೀರದ ರಜೆಯ ಗುರುತು, ಕೇಳಿದವರು ಹಿಗ್ಗುತ್ತಾರೆ. ಅತ್ತೆಯ ಮಾತನ್ನು ಮಾತ್ರ ಅಲ್ಲಿ ಅನುವಾದಿಸಬೇಡಿ.

ಈ ಪದದ ಬಾಲದಲ್ಲಿರುವ ‘ಎನ್’ ಒಂದು ಸ್ವಾರಸ್ಯದ ಪ್ರತ್ಯಯ. ಬ್ಲ್ಯಾಕನ್, ವೈಟನ್, ರೆಡನ್ ಇವೆ. ಗ್ರೀನನ್, ಬ್ರೌನನ್ ಇಲ್ಲ. ಬಣ್ಣಗಳಲ್ಲಿ ಇದೇನು ಪಕ್ಷಪಾತ ಎಂದು ನಾನು ಬಹಳ ಕಾಲ ತಲೆ ಕೆರೆದುಕೊಂಡಿದ್ದೆ. ಗುಟ್ಟು ಅರ್ಥದಲ್ಲಿಲ್ಲ, ಉಚ್ಚಾರದಲ್ಲಿದೆ. ಒಂದೇ ಉಸಿರಿನ ಪುಟ್ಟ ಪದ ಕ್, ಟ್, ಡ್, ಫ್, ಸ್ ಹೀಗೆ ಉಸಿರನ್ನು ತಡೆಯುವ ಅಥವಾ ಉಜ್ಜುವ ವ್ಯಂಜನದಲ್ಲಿ ಮುಗಿದರೆ ‘ಎನ್’ ಹಿಡಿದುಕೊಳ್ಳುತ್ತದೆ: ಥಿಕನ್, ಫ್ಲ್ಯಾಟನ್, ಸ್ಯಾಡನ್, ಸ್ಟಿಫನ್. ನ್, ಮ್, ಲ್ ಅಥವಾ ಸ್ವರದಲ್ಲಿ ಮುಗಿದರೆ ಹಿಡಿಯುವುದಿಲ್ಲ. ಅದಕ್ಕೇ ಥಿನ್, ಡಿಮ್, ಕೂಲ್ ಬಾಲವಿಲ್ಲದೆಯೇ ಕ್ರಿಯಾಪದಗಳಾಗಿ ದುಡಿಯುತ್ತವೆ. ಈರುಳ್ಳಿಯನ್ನು ಕೆಂಪಗೆ ಹುರಿಯುವುದಕ್ಕೆ ‘ಬ್ರೌನ್’ ಎಂಬ ಪದವೇ ಸಾಕಾಗುತ್ತದೆ. ಮೂಗಿನ ದನಿಯಲ್ಲಿ ಮುಗಿಯುವ ಲಾಂಗ್ ಪಾಪ ‘ಲೆಂತ್’ ಎಂಬ ನಾಮಪದದ ಬೆನ್ನೇರಿ ‘ಲೆಂತನ್’ ಆಯಿತು. ಅಪವಾದವೂ ಇದೆ: ವೆಟ್ ಟಕಾರದಲ್ಲಿ ಮುಗಿದರೂ ವೆಟ್ಟನ್ ಇಲ್ಲ.

ನುಡಿಗಟ್ಟುಗಳಲ್ಲಿ ಡಾರ್ಕನ್ ಇನ್ನೂ ಗತ್ತಿನಿಂದ ಕುಳಿತಿದೆ. ‘ನೆವರ್ ಡಾರ್ಕನ್ ಮೈ ಡೋರ್ ಅಗೇನ್’ ಎಂದರೆ ಇನ್ನೊಮ್ಮೆ ನನ್ನ ಮನೆ ಹೊಸ್ತಿಲು ತುಳಿಯಬೇಡ. ನಮಗೆ ಸಿಟ್ಟು ಬರುವುದು ಹೊಸ್ತಿಲ ಮೇಲಿಟ್ಟ ಕಾಲಿನ ಮೇಲೆ. ಅವರಿಗೆ ಬಾಗಿಲಲ್ಲಿ ನಿಂತು ಬೆಳಕು ತಡೆದ ನೆರಳಿನ ಮೇಲೆ. ಈಗ ಇದನ್ನು ಅರೆತಮಾಷೆಯಾಗಿ ಬಳಸುವವರೇ ಹೆಚ್ಚು. ಕೋಪದಿಂದ ಮುಖ ಡಾರ್ಕನ್ ಆಗುವುದು ಕಾದಂಬರಿಗಳಲ್ಲಿ ಸಾಮಾನ್ಯ, ನಾವು ಮುಖ ಕಪ್ಪಿಟ್ಟಿತು ಎಂದ ಹಾಗೆ. ಒಬ್ಬರ ಹೆಸರಿಗೆ ಮಸಿ ಬಳಿಯುವುದಕ್ಕೆ ಮಾತ್ರ ಡಾರ್ಕನ್ ಆಗದು, ಅಲ್ಲಿ ಬ್ಲ್ಯಾಕನ್ ಬರಬೇಕು. ಮಸಿಯ ಬಣ್ಣದ ವಿಚಾರದಲ್ಲಿ ಎರಡು ಭಾಷೆಗಳೂ ಒಂದೇ.

ಒಂದು ಕಡೆ ಮಾತ್ರ ನಗುವಿನ ಪ್ರಶ್ನೆಯಲ್ಲ, ನಿಜವಾಗಿ ಎಚ್ಚರ ಬೇಕು. ತಲೆ ಸುತ್ತಿ ‘ಕಣ್ಣು ಕತ್ತಲೆ ಬಂತು’ ಎಂಬುದನ್ನು ವಿದೇಶದ ವೈದ್ಯರ ಮುಂದೆ ‘ಮೈ ಐಸ್ ಡಾರ್ಕನ್ಡ್’ ಎಂದರೆ ಅವರು ಟಾರ್ಚ್ ಹಿಡಿದು ನಿಮ್ಮ ಕಣ್ಣಿನ ಬಣ್ಣ ನೋಡಲು ಹೊರಟಾರು. ‘ಎವ್ರಿಥಿಂಗ್ ವೆಂಟ್ ಬ್ಲ್ಯಾಕ್’ ಎನ್ನಿ. ‘ಐ ಬ್ಲ್ಯಾಕ್ಡ್ ಔಟ್’ ಎಂದರೆ ಪ್ರಜ್ಞೆಯೇ ತಪ್ಪಿತ್ತು ಎಂದರ್ಥ. ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡಿದ್ದರೆ ಅದರ ನಡುವೆ ‘ಆಲ್ಮೋಸ್ಟ್’ ಸೇರಿಸಲು ಮರೆಯಬೇಡಿ.