ಫಾರ್ಮ್ ತುಂಬಿದವರೆಲ್ಲ ಕಾರ್ಯಕ್ರಮಕ್ಕೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಕಾಲೇಜಿನ ಸಾಹಿತ್ಯ ಸಂಘದಿಂದ ಚರ್ಚಾಕೂಟ ಇಟ್ಟಿದ್ದೆವು. ಕ್ಯಾಂಪಸ್ ತುಂಬ ಪೋಸ್ಟರ್ ಅಂಟಿಸಿದೆವು, ವಾಟ್ಸ್‌ಆ್ಯಪ್‌ನಲ್ಲೂ ಎಲ್ಲರಿಗೂ ಕಳಿಸಿದೆವು. ಫಾರ್ಮ್ ತುಂಬಿದವರು ಬೇಕಾದಷ್ಟು ಜನ; ಬಂದು ಕೂತವರು ಹೆಚ್ಚುಕಮ್ಮಿ ಸಂಘದವರೇ. ಪ್ರಚಾರ ಎಲ್ಲಿ ಸಾಲದೆ ಹೋಯಿತು?

ಉತ್ತರ: ಪ್ರಚಾರಕ್ಕಿಂತ ಮೊದಲು ದಿನಾಂಕವನ್ನೇ ನೋಡಿ. ಸಂಘದವರಿಗೆ ಬಿಡುವಿರುವ ದಿನ ಎಲ್ಲರಿಗೂ ಬಿಡುವಿನ ದಿನವಲ್ಲ. ಮರುದಿನ ಇಂಟರ್ನಲ್ಸ್ ಇದ್ದರೆ, ಲ್ಯಾಬ್ ರೆಕಾರ್ಡ್ ಒಪ್ಪಿಸುವ ವಾರವಾದರೆ, ಎಷ್ಟು ಆಸಕ್ತಿ ಇದ್ದವರೂ ಬರುವುದಿಲ್ಲ. ಸಂಜೆ ಇಟ್ಟರೆ ಹಾಸ್ಟೆಲಿನವರಿಗೆ ಅನುಕೂಲ, ಬಸ್ಸು ಹಿಡಿಯಬೇಕಾದವರು ಮನಸ್ಸಿದ್ದರೂ ಎದ್ದು ಹೋಗುತ್ತಾರೆ. ಬೇರೆ ಬೇರೆ ವಿಭಾಗದ ಕ್ಲಾಸ್ ರೆಪ್‌ಗಳನ್ನು ಕೇಳಿಯೇ ದಿನ ಗೊತ್ತು ಮಾಡಿ. ಹಾಲ್ ಸಿಕ್ಕಿ, ಪ್ರಾಂಶುಪಾಲರ ಅನುಮತಿ ಕೈಗೆ ಬರುವ ತನಕ ಪೋಸ್ಟರ್ ಪ್ರಿಂಟಿಗೆ ಕೊಡಬೇಡಿ.

ಇನ್ನು ಪೋಸ್ಟರ್. ಹೆಚ್ಚಿನವರು ಅದನ್ನು ಜನ ಓಡಾಡುವ ಕಡೆ ಅಂಟಿಸುತ್ತಾರೆ. ಅಂಟಿಸಬೇಕಾದದ್ದು ಜನ ನಿಲ್ಲುವ ಕಡೆ: ಕುಡಿಯುವ ನೀರಿನ ಹತ್ತಿರ, ಲಿಫ್ಟಿನ ಎದುರು, ಜೆರಾಕ್ಸ್ ಅಂಗಡಿಯಲ್ಲಿ, ಗ್ರಂಥಾಲಯದ ಕೌಂಟರಿನ ಪಕ್ಕ. ಕ್ಯೂಆರ್ ಕೋಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಎಷ್ಟು ದೂರದಿಂದ ಸ್ಕ್ಯಾನ್ ಆಗಬೇಕೋ ಅದರ ಹತ್ತನೇ ಒಂದು ಪಾಲಿನಷ್ಟಾದರೂ ಕೋಡ್ ಅಗಲ ಇರಲಿ ಎಂಬುದು ರೂಢಿಯ ಅಳತೆ. ಎರಡು ಮೀಟರ್ ದೂರಕ್ಕೆ 20 ಸೆಂ.ಮೀ. ಬೇಕಾಯಿತು, ಎ4 ಹಾಳೆಯ ಅಗಲವೇ 21 ಸೆಂ.ಮೀ. ಅಂದರೆ ಎ4 ಪೋಸ್ಟರಿನ ಮೂಲೆಯಲ್ಲಿರುವ ಪುಟ್ಟ ಕೋಡು ಹತ್ತಿರ ಬಂದು ನಿಂತವರಿಗೆ ಮಾತ್ರ ಉಪಯೋಗ. ಕೋಡಿನ ಸುತ್ತ, ಅದರೊಳಗಿನ ಅತಿ ಚಿಕ್ಕ ಚೌಕವೊಂದರ ನಾಲ್ಕರಷ್ಟು ಅಗಲದ ಜಾಗ ಖಾಲಿ ಬಿಡಿ. ಡಿಸೈನ್ ಚೆಂದಕ್ಕೆಂದು ಅಲ್ಲಿಗೂ ಬಣ್ಣ ತುಂಬಿದರೆ ಫೋನು ಅದನ್ನು ಗುರುತಿಸದೆ ಹೋಗಬಹುದು. ಅತಿಥಿಯ ಬಿರುದುಗಳು ಚಿಕ್ಕದಾಗಿರಲಿ, ದಿನ, ಹೊತ್ತು, ಕೊಠಡಿ ದೊಡ್ಡದಾಗಿರಲಿ.

ವಾಟ್ಸ್‌ಆ್ಯಪ್ ಬಗ್ಗೆ ಒಂದೇ ಮಾತು. ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಕಳಿಸಿದ ಸಂದೇಶ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕಳಿಸಿದ್ದೇವೆ ಎಂದುಕೊಂಡ ಎಷ್ಟೋ ಹೊಸಬರಿಗೆ ಅದು ಹೋಗಿಯೇ ಇರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಪೋಸ್ಟರು, ಮೆಸೇಜು ಸುದ್ದಿ ಮುಟ್ಟಿಸುತ್ತವೆ, ಅಷ್ಟೆ. ಕರೆದು ತರುವುದು ಪರಿಚಯದವರ ಬಾಯಿಮಾತು. ಫಾರ್ಮ್ ತುಂಬುವುದಕ್ಕೆ ಅರ್ಧ ನಿಮಿಷ ಸಾಕು, ದುಡ್ಡೂ ಇಲ್ಲ, ತಪ್ಪಿಸಿಕೊಂಡರೆ ಕೇಳುವವರೂ ಇಲ್ಲ. ಅದೇ ಕ್ಲಾಸಿನ ಗೆಳತಿ ಎದುರಿಗೆ ನಿಂತು "ನಾಳೆ ಕೊನೇ ಪೀರಿಯಡ್ ಮುಗಿದ ತಕ್ಷಣ ಒಟ್ಟಿಗೆ ಹೋಗೋಣ, ಮೆಟ್ಟಿಲ ಹತ್ರ ಇರ್ತೀನಿ" ಎಂದರೆ ಕತೆಯೇ ಬೇರೆ. ಯಾವಾಗ, ಎಲ್ಲಿಂದ, ಯಾರ ಜೊತೆ ಎನ್ನುವುದು ಮೊದಲೇ ತೀರ್ಮಾನವಾದರೆ ಮನಸ್ಸಿನಲ್ಲಿದ್ದದ್ದು ನಡೆಯುವ ಸಂಭವ ಹೆಚ್ಚು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನದ ತಿರುಳೂ ಇದೇ. ಹಾಗಾಗಿ ಸಂಘದ ಒಬ್ಬೊಬ್ಬರೂ ತಮ್ಮ ಗುಂಪಿನ ಹೊರಗಿನ ಐದಾರು ಜನರನ್ನು ಹೆಸರು ಹಿಡಿದು ಕರೆಯಲಿ. ಸಾಧ್ಯವಾದರೆ ಸಣ್ಣ ಕೆಲಸವನ್ನೂ ವಹಿಸಿ. ಸಮಯ ನೋಡಿಕೊಳ್ಳುವುದು, ಮೈಕ್ ದಾಟಿಸುವುದು, ಮೊದಲ ಪ್ರಶ್ನೆ ಕೇಳುವುದು, ಏನಾದರೂ ಆದೀತು. ಕೆಲಸವಿರುವವರು ಬರುತ್ತಾರೆ, ಜೊತೆಗೊಬ್ಬರನ್ನು ಕರೆತರುತ್ತಾರೆ. ನಾನಾದರೆ ಪೋಸ್ಟರ್ ಡಿಸೈನಿಗೆ ಕೊಡುವ ಸಮಯದ ಅರ್ಧವನ್ನು ಈ ಓಡಾಟಕ್ಕೇ ಇಡುತ್ತೇನೆ.

ಕೊನೆಯದಾಗಿ, ಫಾರ್ಮಿನಲ್ಲಿರುವ ಸಂಖ್ಯೆ ನಂಬಿ ಆಡಿಟೋರಿಯಂ ಹಿಡಿಯಬೇಡಿ. ಮುನ್ನೂರು ಕುರ್ಚಿಗಳ ನಡುವೆ ನಲವತ್ತು ಜನ ಚದುರಿ ಕೂತರೆ ಮಾತಾಡುವವರ ಹುರುಪೂ ಇಳಿಯುತ್ತದೆ. ಅದೇ ನಲವತ್ತು ಜನ ಒಂದು ತರಗತಿಯಲ್ಲಿ ಕೂತರೆ ಕೊಠಡಿ ತುಂಬುತ್ತದೆ, ಹಿಂದಿನ ಬೆಂಚಿನವರೂ ಚರ್ಚೆಗೆ ಇಳಿಯುತ್ತಾರೆ.